ಅಪ್ಪನ ಎಡಗೈ

ಮಾವನ ಮನೆ, ಮಹಡಿ ಕೋಣೆ
ಭಾನುವಾರ, ನವೆಂಬರ್ ೧೭

ಪ್ರೀತಿಯ ತಮ್ಮಾ, ನನ್ನ ಕಡ್ಡಿ ಪೈಲ್ವಾನಾ,

ಹೇಗಿದ್ದೀಯ? ಚಳಿ ಶುರುವಾಯಿತಲ್ಲ, ಮೊಣಕೈ ಕಾಟ ಕೊಡುತ್ತಿದೆಯೇ? ಬಂದರಿನಲ್ಲಿ ನಿನ್ನನ್ನು ದೊಡ್ಡ ಕ್ರೇನಿಗೆ ಹಾಕಿದ್ದಾರೆ ಎಂದು ಓದಿ ಖುಷಿಯಾಯಿತು, ಭಯವೂ ಆಯಿತು. ಅಷ್ಟು ಎತ್ತರದ ಗಾಜಿನ ಗೂಡಿನಲ್ಲಿ ಸಮುದ್ರದ ಗಾಳಿಗೆ ಮುಖ ಕೊಟ್ಟು ಕೂರುವವನು ಕಿವಿಗೆ ಬಟ್ಟೆ ಸುತ್ತಿಕೊಳ್ಳುತ್ತೀಯೋ, ಇಲ್ಲ ಮೊದಲಿನ ಹಾಗೇ ಜಂಬ ಮಾಡುತ್ತೀಯೋ? ಹೊತ್ತುಹೊತ್ತಿಗೆ ಊಟ ಮಾಡು. ಫೋಟೋ ತಲುಪಿತು. ಮೀಸೆ ಬಿಟ್ಟಿದ್ದೇನೆ ಎಂದು ನೀನು ಬರೆಯದೇ ಇದ್ದಿದ್ದರೆ ಮೇಲ್ದುಟಿಗೆ ಗ್ರೀಸ್ ತಾಗಿದೆ ಎಂದುಕೊಳ್ಳುತ್ತಿದ್ದೆ. ಅಮ್ಮ ಆ ಫೋಟೋವನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ, ದಾರದುಂಡೆಗಳ ಕೆಳಗೆ ಇಟ್ಟುಕೊಂಡಿದ್ದಳು. ನೀನು ಅವಳು ಹೇಗಿದ್ದಾಳೆಂದು ಕೇಳಿ ಬರೆಯುವುದಿಲ್ಲ, ಅವಳು ನಿನ್ನ ಹೆಸರೆತ್ತುವುದಿಲ್ಲ, ನಿಮ್ಮಿಬ್ಬರ ನಡುವೆ ನಾನೊಬ್ಬಳು ಸಂಬಳವಿಲ್ಲದ ಅಂಚೆಯವಳು.

ಮೇಲೆ ನಮ್ಮ ಮನೆ ಬಿಟ್ಟು ಸೋದರಮಾವನ ಮನೆ ಎಂದು ಬರೆದಿರುವುದನ್ನು ನೋಡಿ ಹುಬ್ಬು ಗಂಟಿಕ್ಕಿರುತ್ತೀಯ. ಅಕ್ಷರ ಸೊಟ್ಟಗಿರುವುದನ್ನೂ ಗಮನಿಸಿರುತ್ತೀಯ. ನನ್ನ ಬಲಗೈ ಊದಿಕೊಂಡಿದೆ, ಮೊಣಕೈಯಿಂದ ಮಣಿಕಟ್ಟಿನವರೆಗೆ ನೇರಳೆ ಬಣ್ಣ. ಮುರಿದಿಲ್ಲ. ಗಾಬರಿಯಾಗಬೇಡ, ಕೂತು ಓದು. ನಮ್ಮ ಹಾರಾಟದ ಶಾಲೆಯ ಎರಡು ವಿಮಾನಗಳಲ್ಲಿ ಒಂದು ಬಿದ್ದಿದೆ. ಯಾರೂ ಸತ್ತಿಲ್ಲ. ಅಪ್ಪ ಇನ್ನು ಯಾರಿಗೂ ಹಾರಲು ಕಲಿಸುವ ಹಾಗಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ನೀನು ಹಾಳೆ ತಿರುವಿ ಕೊನೆ ನೋಡಲು ಹೋಗುವುದಿಲ್ಲ ಎಂಬ ಆಸೆ. ಚಿಕ್ಕಂದಿನಲ್ಲಿ ಕಥೆಪುಸ್ತಕವನ್ನೂ ಹಿಂದಿನಿಂದ ಓದಿದವನು ನೀನು.

ಈ ವರ್ಷ ಕಲಿಯಲು ಸೇರಿದವರಲ್ಲಿ ಒಬ್ಬಳು ಈಜಿನಲ್ಲಿ ಪದಕ ಗೆದ್ದವಳು. ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಎಲ್ಲರೂ ಅವಳನ್ನು ಮೀನು ಎಂದೇ ಕರೆಯುವುದು. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರದಷ್ಟು ಅಗಲ ಭುಜ. ಮನಸ್ಸು ಮಾಡಿದರೆ ನಮ್ಮ ಮೆಕ್ಯಾನಿಕ್ ಮಾವನನ್ನು ಅವರ ಸ್ಪ್ಯಾನರು ಸಮೇತ ಎತ್ತಿ ರೆಕ್ಕೆಯ ಮೇಲೆ ಕೂರಿಸಿಯಾಳು. ಅದೇ ಅವಳಿಗೆ ತೊಂದರೆ. ನೀರಿನಲ್ಲಿ ಭುಜದಿಂದ ತೋಳು ಬೀಸಿ ಕಲಿತವಳು ವಿಮಾನದ ಮೂಗು ಏಳಿಸಿ ಇಳಿಸುವ ಸ್ಟಿಕ್ಕನ್ನೂ ಭುಜದಿಂದಲೇ ಆಡಿಸುತ್ತಿದ್ದಳು. ಇಳಿಯುವಾಗ ಮೂಗು ಕೂದಲೆಳೆಯಷ್ಟು ಬಾಗಿದರೆ ಎರಡು ಬೆರಳಿನ ಒತ್ತು ಸಾಕು. ಇವಳು ಇಡೀ ತೋಳನ್ನೇ ಎಳೆಯುವಳು, ಮೂಗು ಆಕಾಶಕ್ಕೆ ನೆಗೆಯುವುದು, ಹೆದರಿ ತಳ್ಳುವಳು, ನೆಲಕ್ಕೆ ಧುಮುಕುವುದು. ರನ್‌ವೇ ಹತ್ತಿರವಾದಷ್ಟೂ ಉಯ್ಯಾಲೆ ಜೋರು. ನಾನು ಅವಳ ಮೊಣಕೈಯನ್ನು ತೊಡೆಯ ಮೇಲೆ ಊರಿಸಿ, ಹೆಬ್ಬೆರಳು ಮತ್ತೆರಡು ಬೆರಳಲ್ಲಿ ಮಾತ್ರ ಸ್ಟಿಕ್ ಹಿಡಿಸಿದೆ. "ಒತ್ತು, ಸ್ವಲ್ಪ ತಡಿ, ವಿಮಾನ ಏನನ್ನುತ್ತೆ ಕೇಳಿಸ್ಕೋ, ಆಮೇಲೆ ಬೇಕಿದ್ರೆ ಇನ್ನೊಂದ್ಸಲ ಒತ್ತು" ಎಂದು ಹೇಳಿ ಹೇಳಿ ನನ್ನ ಗಂಟಲೇ ಕಟ್ಟಿತು. ಬಲಗೈ ಸ್ಟಿಕ್ಕಿನ ಮೇಲೆ, ಎಡಗೈ ಥ್ರಾಟಲ್ ಮೇಲೆ. ಎಡಗೈ ಎಂಜಿನ್ನಿನ ಶಕ್ತಿ ಇಳಿಸಿದಾಗ ಬಲಗೈ ಮೂಗನ್ನು ಕಾಯಬೇಕು, ಎರಡೂ ಒಂದೇ ಉಸಿರಿನಲ್ಲಿ ಆಗಬೇಕು, ಅಡುಗೆಮನೆಯಲ್ಲಿ ಒಂದು ಕೈ ಪಾತ್ರೆ ಬಗ್ಗಿಸಿದಾಗ ಇನ್ನೊಂದು ಕೈ ಲೋಟ ಹಿಡಿಯುವ ಹಾಗೆ. ಹೋದ ತಿಂಗಳು ಒಂದು ಬೆಳಿಗ್ಗೆ ಮಲಗಿದ ಮಗುವನ್ನು ಹಾಸಿಗೆಗೆ ಇಳಿಸಿದಂತೆ ಚಕ್ರ ನೆಲಕ್ಕೆ ತಾಗಿಸಿದಳು. "ಅಕ್ಕಾ, ಇಳೀತಾ? ಇಳಿದೇಬಿಡ್ತಾ?" ಎಂದು ಕೂಗಿದ ಕೂಗಿಗೆ ನನ್ನ ಕಿವಿ ಗುಯ್ಗುಟ್ಟಿತು.

ಒಬ್ಬಳೇ ಹಾರಲು ಬಿಡುವ ಮೊದಲು ಮುಖ್ಯ ಶಿಕ್ಷಕರು ಜೊತೆಗೆ ಕೂತು ನೋಡಬೇಕೆಂಬ ನಿಯಮ ನಿನಗೆ ಗೊತ್ತೇ ಇದೆ. ಮುಖ್ಯ ಶಿಕ್ಷಕರು ಎಂದರೆ ಅಪ್ಪ. ಅಪ್ಪನ ಉಕ್ಕಿನ ಸ್ಕೇಲನ್ನು ನೀನು ಮರೆತಿರಲಾರೆ. ನಕ್ಷೆ ಅಳೆಯುವುದಕ್ಕೆಂದು ಇಟ್ಟುಕೊಂಡಿದ್ದು, ಅಳೆದದ್ದೆಲ್ಲ ನಮ್ಮ ತೋಳನ್ನೇ. ಈಚೀಚೆಗೆ ಸ್ಕೇಲೂ ಬೇಕಾಗುತ್ತಿರಲಿಲ್ಲ. ಬಲಗಡೆ ಸೀಟಿನಲ್ಲಿ ಕೂತವರ ಎಡಗೈಗೆ ಪಕ್ಕದವರ ಮುಂಗೈ ಸರಿಯಾಗಿ ಸಿಗುತ್ತದೆ. ಮುಷ್ಟಿ ಕಟ್ಟಿ ಮೇಲಿಂದ ಕುಟ್ಟುವುದು, ಗೋಡೆಗೆ ಮೊಳೆ ಹೊಡೆದ ಹಾಗೆ. "ಕೈ ಹಗುರ! ಹಗುರ ಅಂದ್ನಲ್ಲ!" ಎನ್ನುತ್ತಲೇ ಕುಟ್ಟುವುದು. ಏಟು ತಿಂದ ಕೈ ಎಲ್ಲಾದರೂ ಹಗುರವಾಗುತ್ತದೆಯೇ? ಎಳೆಯುವ ಮಾಂಸಖಂಡವೂ ತಳ್ಳುವ ಮಾಂಸಖಂಡವೂ ಒಟ್ಟಿಗೆ ಬಿಗಿದುಕೊಂಡು ಕೈ ಮರದ ಕೊರಡಾಗುತ್ತದೆ. ಬೆರಳುಗಳು ಮುಚ್ಚಿಕೊಳ್ಳುತ್ತವೆ, ಬೆರಳು ಮಾಡಬೇಕಾದ ಕೆಲಸ ಭುಜಕ್ಕೆ ಹೋಗುತ್ತದೆ. ಒಂದು ಕೈ ಹೆದರಿದರೆ ಇನ್ನೊಂದೂ ಅದರ ಜೊತೆ ಹೆದರುತ್ತದೆ. ಇದನ್ನು ನಾನು ಅಪ್ಪನಿಗೆ ಎಷ್ಟು ಸಲ ಹೇಳಿದ್ದೇನೋ. "ನಿನ್ನ ಕೈ ರೆಡಿ ಮಾಡಿದ್ದು ಯಾರೇ?" ಎನ್ನುವರು. ಅಲ್ಲಿಗೆ ಮಾತು ಮುಗಿಯಿತು.

ಈ ತಿಂಗಳ ಏಳನೆಯ ತಾರೀಕು, ಗುರುವಾರ, ಅಪ್ಪ ಅವಳ ಜೊತೆ ಹತ್ತಿದರು. ಗಾಳಿ ಇರಲಿಲ್ಲ, ಆಕಾಶ ತೊಳೆದಿಟ್ಟ ಹಾಗಿತ್ತು. ಮಾವ ಹ್ಯಾಂಗರಿನ ಮುಂದೆ ಎಣ್ಣೆ ಡಬ್ಬದ ಮೇಲೆ ಕೂತು ಚಕ್ರದ ಬೇರಿಂಗ್ ಒರೆಸುತ್ತಿದ್ದರು. ನಾನು ರೇಡಿಯೋ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಮೊದಲ ಸುತ್ತು ಇಳಿದದ್ದು ಒರಟಾಯಿತು. ಎರಡನೆಯ ಸುತ್ತಿನಲ್ಲಿ ಚಕ್ರ ತಾಗಿ ವಿಮಾನ ಚೆಂಡಿನಂತೆ ಪುಟಿಯಿತು. ಮೀನು ರೇಡಿಯೋದಲ್ಲಿ ಮಾತಾಡುವ ಗುಂಡಿ ಒತ್ತಿಕೊಂಡೇ ಇದ್ದಳೋ ಏನೋ, ರೇಡಿಯೋದಲ್ಲಿ ಅಪ್ಪನ ಬೈಗುಳ, ಅದರ ಮಧ್ಯೆ ಧಪ್ ಧಪ್ ಎಂಬ ಸದ್ದು ಕೇಳಿಸಿತು. ಮಾವ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ಮೂರನೆಯ ಸಲ ಬಂದಾಗ ಬೇಲಿಯಾಚೆಯಿಂದಲೇ ವಿಮಾನ ಉಯ್ಯಾಲೆಯಾಡುತ್ತಿತ್ತು. ನೆಲ ಇನ್ನೇನು ಆಳುದ್ದ ಇದೆ ಎನ್ನುವಾಗ ರೇಡಿಯೋದಲ್ಲಿ ಮತ್ತೆ ಆ ಸದ್ದು, ಈ ಸಲ ಅವಳ ಚೀರು. ಮೂಗು ನೇರ ಮೇಲೆದ್ದಿತು. ಎಂಜಿನ್ ಒಮ್ಮೆಲೇ ಬೊಬ್ಬಿರಿಯಿತು. ಬಲಗೈ ಸ್ಟಿಕ್ಕನ್ನು ಹೊಟ್ಟೆಗೆ ಎಳೆದುಕೊಂಡಿತ್ತು, ಎಡಗೈ ಥ್ರಾಟಲ್ಲನ್ನು ಪೂರ್ತಿ ತಳ್ಳಿಬಿಟ್ಟಿತ್ತು. ಅಪ್ಪ ತಮ್ಮ ಕಡೆಯ ಸ್ಟಿಕ್ ಹಿಡಿದು ಮುಂದಕ್ಕೆ ತಳ್ಳಿದರಂತೆ. ಎರಡು ಸ್ಟಿಕ್ಕುಗಳೂ ಒಂದಕ್ಕೊಂದು ಜೋಡಿಸಿದವು, ಆ ಈಜುಗಾರ್ತಿಯ ತೋಳಿನ ಮುಂದೆ ಅಪ್ಪನ ಬಲ ಎಲ್ಲಿ ಸಾಕಾಗಬೇಕು? ವೇಗ ಸತ್ತ ವಿಮಾನ ಗಾಳಿಯಲ್ಲಿ ಒಂದು ಕ್ಷಣ ತೂಗಿ ಎಡರೆಕ್ಕೆಯ ಮೇಲೆ ಬಿತ್ತು. ರೆಕ್ಕೆಯ ತುದಿ ನೆಲ ಕಚ್ಚಿತು, ಇಡೀ ವಿಮಾನ ಅದರ ಸುತ್ತ ಗಿರಕಿ ಹೊಡೆದು ತಂತಿಬೇಲಿ ಹರಿದುಕೊಂಡು ಹೋಗಿ ಚರಂಡಿಯಲ್ಲಿ ಮಗುಚಿತು. ಪ್ರೊಪೆಲ್ಲರ್ ತುಂಡೊಂದು ಹಾರಿ ಬಂದು ಮಾವ ಕೂತಿದ್ದ ಡಬ್ಬವನ್ನು ಸೀಳಿತು. ಮಾವ ಅಷ್ಟರಲ್ಲಿ ಓಡುತ್ತಿದ್ದರು.

ಹತ್ತಿರ ಹೋದರೆ ಪೆಟ್ರೋಲಿನ ವಾಸನೆ, ಬಿಸಿ ಲೋಹದ ಮೇಲೆ ಎಣ್ಣೆ ಚುರ್ ಎನ್ನುವ ಸದ್ದು. ಇಬ್ಬರೂ ಬೆಲ್ಟಿಗೆ ತಲೆಕೆಳಗಾಗಿ ಜೋತುಬಿದ್ದಿದ್ದರು. ಮೀನುವಿನ ಹಣೆ ಸೀಳಿ ರಕ್ತ ಕೂದಲಿನಿಂದ ತೊಟ್ಟಿಕ್ಕುತ್ತಿತ್ತು. ಬಲತೋಳಿನ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಆ ಮುರಿದ ತೋಳಿನ ತುದಿಯಲ್ಲಿ ಬೆರಳುಗಳು ಇನ್ನೂ ಸ್ಟಿಕ್ಕನ್ನು ಕಚ್ಚಿ ಹಿಡಿದಿದ್ದವು. ನಾನು ಒಂದೊಂದೇ ಬೆರಳು ಬಿಡಿಸುತ್ತಿದ್ದೆ. ತಮ್ಮಾ, ಆ ಹೊತ್ತಿನಲ್ಲಿ ಪಕ್ಕದಿಂದ ಅಪ್ಪನ ಎಡಗೈ ಬಂದು ಆ ತೋಳಿನ ಮೇಲೆಯೇ ಬಿತ್ತು. "ಬಿಡು ಅಂದ್ನಲ್ಲ! ಬಿಡೇ!" ಅವಳು ಹಾಕಿದ ಕೂಗು ಮನುಷ್ಯರದಾಗಿರಲಿಲ್ಲ. ಮಾವ ಅಪ್ಪನ ಕೈಯನ್ನು ಮಂಡಿಯ ಕೆಳಗೆ ಒತ್ತಿ ಹಿಡಿದರು, ನಾನು ಬೆಲ್ಟ್ ಕೊಯ್ದು ಅವಳನ್ನು ಎಳೆದುಕೊಂಡೆ. ಅಪ್ಪನನ್ನು ಆಮೇಲೆ ಎಳೆದೆವು. ಪಕ್ಕೆಲುಬು ಬಿರುಕು ಬಿಟ್ಟಿತ್ತು, ಅಷ್ಟೇ. ಬೆಂಕಿ ಹತ್ತಲಿಲ್ಲ. ಯಾಕೆ ಹತ್ತಲಿಲ್ಲ ಎಂದು ಮಾವನಿಗೂ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಅಪ್ಪನ ಹಾಸಿಗೆಯ ಪಕ್ಕ ಕೂತಾಗ ಅವರು ಮೊದಲು ಹೇಳಿದ್ದು, "ಹುಡುಗಿ ಕೈ ಗಟ್ಟಿ ಹಿಡಿದ್ಲು, ಬಿಡ್ಲಿಲ್ಲ. ಕೇಳಿದ್ರೆ ನೀನೂ ಅಷ್ಟೇ ಹೇಳು." ಅದರಲ್ಲಿ ಸುಳ್ಳಿಲ್ಲ ನೋಡು. ಅವಳು ಗಟ್ಟಿ ಹಿಡಿದದ್ದೂ ನಿಜ, ಬಿಡದಿದ್ದದ್ದೂ ನಿಜ. ಕೆಳಗಿನ ವಾರ್ಡಿನಲ್ಲಿ ತೋಳಿಗೆ ಕಂಬಿ ಹಾಕಿಸಿಕೊಂಡು ಮಲಗಿದ್ದ ಮೀನು ಕೂಡ ಅದನ್ನೇ ಹೇಳಿದಳು. "ನಂದೇ ತಪ್ಪು ಅಕ್ಕಾ. ಸರ್ ಹಗುರ ಹಗುರ ಅಂತಾನೇ ಇದ್ರು." ಹೊಡೆದದ್ದನ್ನು ಅವಳ ಬಾಯಿಂದ ಹೊರಡಿಸಲು ಆಗಲಿಲ್ಲ. ರೇಡಿಯೋದ ಸದ್ದನ್ನು ಕೇಳಿದವರು ನಾನು ಮತ್ತು ಮಾವ ಇಬ್ಬರೇ. ಮಗಳಿಗೆ ಅಪ್ಪನ ಮೇಲೆ ಸಿಟ್ಟು, ಬಾವಮೈದನಿಗೆ ಹಳೆಯ ಜಗಳ ಎಂದು ಅಪ್ಪ ಒಂದೇ ಮಾತಿನಲ್ಲಿ ಒರೆಸಿಹಾಕುತ್ತಿದ್ದರು.

ತನಿಖೆಗೆ ಬಂದ ಅಧಿಕಾರಿ ಸಣ್ಣಗೆ ಮಾತಾಡುವ ಮನುಷ್ಯ. ನೆಗಡಿಯಾಗಿತ್ತು, ಮಾತಿಗೊಮ್ಮೆ ಕರ್ಚೀಫು ತೆಗೆಯುತ್ತಿದ್ದ. ಉಳಿದಿರುವ ಇನ್ನೊಂದು ವಿಮಾನವನ್ನು ಹ್ಯಾಂಗರಿನಲ್ಲೇ ನಿಲ್ಲಿಸಿ, ನಡೆದದ್ದನ್ನು ಕೂತು ತೋರಿಸಿ ಎಂದ. ಅಪ್ಪ ಎದೆಗೆ ಪಟ್ಟಿ ಕಟ್ಟಿಕೊಂಡೇ ಬಲ ಸೀಟು ಹತ್ತಿದರು. ಮೀನು ಬರುವ ಸ್ಥಿತಿಯಲ್ಲಿರಲಿಲ್ಲ, ಎಡ ಸೀಟಿಗೆ ನಾನು ಹತ್ತಿದೆ. ಅಧಿಕಾರಿ ರೆಕ್ಕೆಯ ಮೇಲೆ ಕುಕ್ಕರಗಾಲಲ್ಲಿ ಕೂತ. ಮಾವ ಬಾಲದ ಹತ್ತಿರ ನಿಂತಿದ್ದರು. ಅಪ್ಪ ಬಹಳ ಚೆನ್ನಾಗಿ ವಿವರಿಸಿದರು, ಅವರ ಬಾಯಿಗೆ ಯಾವತ್ತೂ ಬರವಿರಲಿಲ್ಲ. ಇಷ್ಟು ಎತ್ತರ, ಇಷ್ಟು ವೇಗ, ಇಲ್ಲಿಂದ ಹುಡುಗಿ ಜಗ್ಗಾಡಲು ಶುರುಮಾಡಿದಳು. "ಆಗ ನೀವೇನ್ ಮಾಡಿದ್ರಿ?" ಎಂದು ಅಧಿಕಾರಿ ಕೇಳಿದ. "ನಾನೇನ್ ಮಾಡ್ಲಿ? ಬಾಯಲ್ಲಿ ಹೇಳ್ದೆ." ಹಾಗಾದರೆ ಅವಳು ಹೇಗೆ ಜಗ್ಗಾಡಿದಳು ತೋರಿಸಮ್ಮ ಎಂದು ನನ್ನ ಕಡೆ ನೋಡಿದ.

ನಾನು ಬೇಕೆಂದೇ ಮಾಡಿದೆ. ಅಪ್ಪನ ಕೈ ನನಗೆ ಅಪ್ಪನಿಗಿಂತ ಚೆನ್ನಾಗಿ ಗೊತ್ತು. ಮೊಣಕೈಯನ್ನು ತೊಡೆಯಿಂದ ಎತ್ತಿ, ಮುಷ್ಟಿ ತುಂಬ ಸ್ಟಿಕ್ ಹಿಡಿದು, ಮೀನುವಿನ ಹಾಗೆ ಭುಜದಿಂದ ಎಳೆದೆ, ತಳ್ಳಿದೆ, ಮತ್ತೆ ಎಳೆದೆ. ಮೂರನೆಯ ಎಳೆತಕ್ಕೆ ಏಟು ಬಿತ್ತು. ಬಿದ್ದ ಹಿಂದೆಯೇ ಇನ್ನೊಂದು, ಅದೇ ಜಾಗಕ್ಕೆ. "ಕೈ ಹಗುರ!" ಅಪ್ಪ ಅಧಿಕಾರಿಯ ಕಡೆಗೇ ಮುಖ ಮಾಡಿಕೊಂಡಿದ್ದರು. ತಮ್ಮ ಎಡಗೈ ಎದ್ದದ್ದು, ಬಿದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಇನ್ನು ನನ್ನ ಕೈಯ ಕಥೆ ಕೇಳು. ಏಟು ಬರುತ್ತದೆ ಎಂದು ತಿಳಿದು, ಅದಕ್ಕಾಗಿಯೇ ಕಾದು ಕೂತಿದ್ದ ನಾನು, ಇಷ್ಟು ವರ್ಷ ಹಾರಿಸಿದವಳು, ಇನ್ನೊಬ್ಬರಿಗೆ ಕಲಿಸುವವಳು, ಕೊರಡಾಗಿಬಿಟ್ಟೆ. ಬಲಗೈ ಸ್ಟಿಕ್ಕನ್ನು ಹೊಟ್ಟೆಗೆ ಎಳೆದುಕೊಂಡಿತು. ಎಡಗೈ ಥ್ರಾಟಲ್ಲನ್ನು ಪೂರ್ತಿ ಮುಂದಕ್ಕೆ ತಳ್ಳಿತು. ಹಿಂದೆ ಸ್ಟಿಕ್ಕಿನ ಜೊತೆ ಆಡುವ ಬಾಲದ ಪಟ್ಟಿ ಧಡಾರನೆ ಮೇಲೆದ್ದು ಮಾವ ಹೌಹಾರಿ ಹಾರಿದರು. ನಿಂತ ವಿಮಾನದಲ್ಲಿ, ಹ್ಯಾಂಗರಿನ ಒಳಗೆ, ಆ ಗುರುವಾರ ಪೂರ್ತಿ ಇನ್ನೊಮ್ಮೆ ನಡೆದುಹೋಯಿತು. ಅಧಿಕಾರಿ ಬಾಲವನ್ನು ನೋಡಿದ, ನನ್ನ ಎಡಗೈಯನ್ನು ನೋಡಿದ, ಆಮೇಲೆ ಅಪ್ಪನ ಮುಷ್ಟಿಯನ್ನು ನೋಡಿದ. ಅದು ಇನ್ನೂ ನನ್ನ ಮುಂಗೈಯ ಮೇಲೇ ಇತ್ತು. "ಸಾಕು, ಇಳೀರಿ" ಎಂದು ಮೂಗು ಒರೆಸಿಕೊಂಡ. ಅಪ್ಪನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನನಗೆ ಗೆದ್ದೆ ಅನ್ನಿಸಲಿಲ್ಲ ಕಣೋ. ಬೆರಳು ಬಿಡಿಸಲು ಮಾವನೇ ಬರಬೇಕಾಯಿತು.

ಮಾರನೆಯ ದಿನ ಅಪ್ಪನ ಲೈಸೆನ್ಸ್ ಕಿತ್ತುಕೊಂಡ ಸುದ್ದಿ ಬಂತು. ನಾನು ಅಮ್ಮನನ್ನು ಕರೆದುಕೊಂಡು ಹೊರಡೋಣವೆಂದು ಮನೆಗೆ ಓಡಿದೆ. ಅಪ್ಪ ನನ್ನ ಹಿಂದೆಯೇ ಒಳಗೆ ಬಂದು ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಜೇಬಿಗೆ ಹಾಕಿಕೊಂಡರು. ಕುರ್ಚಿ ಎತ್ತಿ ಹೊಲಿಗೆ ಮೆಷಿನ್ನಿಗೆ ಅಪ್ಪಳಿಸಿದರು. ಅಡ್ಡ ಬಂದ ಅಮ್ಮನ ಕೈ ಹಿಡಿದು ತಿರುಚಿ ಗೋಡೆಗೆ ಎಸೆದರು. ನಾನು ಮೇಲೆ ಬಿದ್ದೆ. ನನ್ನ ಜುಟ್ಟು ಹಿಡಿದು ತಲೆಯನ್ನು ಬಾಗಿಲಿನ ಚೌಕಟ್ಟಿಗೆ ಕುಟ್ಟಿದರು, ಮುರಿದ ಕುರ್ಚಿಯ ಕಾಲಿನಿಂದ ಇದೇ ಬಲಗೈಗೆ ಹೊಡೆದರು, ಅದೂ ಮುಂಗೈಗೇ. "ಈ ಕೈ ನಂದು! ನಾನ್ ಮಾಡಿದ ಕೈ ಇದು!" ಎನ್ನುತ್ತಿದ್ದರು. ನಾನು ಕಚ್ಚಿದೆ, ಒದ್ದೆ, ಅವರ ಬಿರುಕು ಬಿಟ್ಟ ಪಕ್ಕೆಗೆ ಗುರಿಯಿಟ್ಟು ಮೊಣಕೈಯಿಂದ ಗುದ್ದಿದೆ, ಏನೂ ಮುಚ್ಚಿಡುವುದಿಲ್ಲ. ಅವರು ಕುಸಿದು, ಎಡಗೈಯನ್ನು ಮೇಜಿನ ಮೇಲೆ ಊರಿ ಏಳುತ್ತಿದ್ದಾಗ ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ಎಡಗೈಯಲ್ಲಿ ಎತ್ತಿ ಆ ಕೈಯ ಮೇಲೆ ಬಿಟ್ಟಳು. ನಮ್ಮ ಅಮ್ಮ, ಸೂಜಿಗೆ ದಾರ ಪೋಣಿಸುವಾಗ ಉಸಿರು ಬಿಗಿಹಿಡಿಯುವವಳು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಗಲಾಟೆ ಕೇಳಿ ಓಡಿ ಬಂದ ಮಾವ ಹಿಂದಿನ ಕಿಟಕಿಯ ಸರಳು ಕಿತ್ತು ಒಳಗೆ ಬರುವಷ್ಟರಲ್ಲಿ ಅಪ್ಪ ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ಅಮ್ಮ ಪೆಟ್ಟಿಗೆಯನ್ನು ಅದರ ಜಾಗಕ್ಕೆ ನೆಟ್ಟಗೆ ಇಟ್ಟು, "ಕೀಲಿಕೈ ಕೊಡಿ" ಎಂದಳು. ಕೊಟ್ಟರು.

ಪೊಲೀಸರು ಬಂದರು, ಎಲ್ಲರ ಹೇಳಿಕೆ ತೆಗೆದುಕೊಂಡರು, ಅಪ್ಪನ ಕೈಗೆ ಪ್ಲಾಸ್ಟರ್ ಹಾಕಿಸಿ ಒಂದು ರಾತ್ರಿ ಇಟ್ಟುಕೊಂಡು ಬಿಟ್ಟರು. ಅಂದಿನಿಂದ ನಾನೂ ಅಮ್ಮನೂ ಇಲ್ಲೇ ಇದ್ದೇವೆ. ಮಾವ ಕೆಳಗೆ ಬಾಗಿಲ ಬಳಿ ಹಾಸಿಕೊಂಡು ಮಲಗುತ್ತಾರೆ, ಅವರ ಗೊರಕೆಗೆ ಕಳ್ಳನಲ್ಲ, ಸೈನ್ಯ ಬಂದರೂ ಓಡಬೇಕು. ಮೀನುವನ್ನು ನಿನ್ನೆ ನೋಡಿ ಬಂದೆ. ಬೆರಳು ಆಡಿಸುತ್ತಿದ್ದಾಳೆ. ಅಪ್ಪ ಹೊಡೆದರು ಎಂಬ ಮಾತನ್ನು ಅಧಿಕಾರಿಯ ಮುಂದೆ ಕೊನೆಗೂ ಹೇಳಿದಳಂತೆ.

ಇನ್ನೊಂದು ವಿಷಯ ಇದೆ. ಇಂಥದ್ದು ಹಿಂದೆ ಯಾವತ್ತಾದರೂ ಆಗಿತ್ತೇ ಎಂದು ಅಧಿಕಾರಿ ಕೇಳಿದಾಗ ನಿನ್ನ ಮೊಣಕೈಯ ಕಥೆಯನ್ನು ಹೇಳಿಬಿಟ್ಟೆ. ನೀನು ಸರಿಯಾಗಿ ಇಳಿಸಲಿಲ್ಲವೆಂದು ಅಪ್ಪ ನಿನ್ನನ್ನು ಕಾಕ್‌ಪಿಟ್ಟಿನಿಂದ ಎಳೆದು ರೆಕ್ಕೆಯ ಅಂಚಿಗೆ ಒತ್ತಿ ತೋಳನ್ನು ಹಿಮ್ಮುಖವಾಗಿ ಮಡಚಿದ್ದು, ಆಸ್ಪತ್ರೆಯಲ್ಲಿ ಅಮ್ಮ "ರೆಕ್ಕೆ ಮೇಲಿಂದ ಬಿದ್ದ" ಎಂದು ಹೇಳಿದ್ದು, ಪ್ಲಾಸ್ಟರ್ ಬಿಚ್ಚಿದ ವಾರವೇ ನೀನು ಮನೆ ಬಿಟ್ಟಿದ್ದು, ಎಲ್ಲ. ನಿನ್ನನ್ನು ಕೇಳದೆ ಹೇಳಿದೆ. ಆ ಅಧಿಕಾರಿ ನಿನಗೆ ಬರೆಯಬಹುದು. ಹೇಳುವುದು ಬಿಡುವುದು ನಿನಗೆ ಸೇರಿದ್ದು, ಒತ್ತಾಯವಿಲ್ಲ. ನೀನು ಏನು ಮಾಡಿದರೂ ನನಗೆ ನೀನು ಅದೇ ಪೈಲ್ವಾನ. ನೆಟ್ಟಗಾಗದ ಆ ಕೈಯಲ್ಲಿ ಅಷ್ಟು ದೊಡ್ಡ ಪೆಟ್ಟಿಗೆಗಳನ್ನು ಹಡಗಿಗೆ ಇಳಿಸುತ್ತೀಯಲ್ಲ, ಒಂದು ದಿನ ಬಂದು ಕೆಳಗೆ ನಿಂತು ನೋಡಬೇಕು ಎಂಬ ಆಸೆ ನನಗೆ.

ಮೈ ಬೆಚ್ಚಗಿಟ್ಟುಕೋ. ಆ ಮೀಸೆಗೆ ಏನಾದರೂ ಗತಿ ಕಾಣಿಸು. ಮಾವ ನಿನ್ನನ್ನು ಕೇಳಿದರು, ಹೆಗಲು ತಟ್ಟಿದೆ ಎಂದು ಬರೆಯಲು ಹೇಳಿದರು. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ
ಅಕ್ಕ

ವಿ. ಸೂ.: ಇದನ್ನು ನಾಳೆ ಅಂಚೆಗೆ ಹಾಕುವವಳಿದ್ದೆ. ಈಗ ಕಿಟಕಿಯಿಂದ ನೋಡಿದರೆ ಅಪ್ಪ ಎದುರಿನ ರಸ್ತೆಯಲ್ಲಿ ನಿಂತಿದ್ದಾರೆ. ಅಮ್ಮನೂ ನೋಡಿದಳು. ನೋಡಿ ಚೀಲಕ್ಕೆ ಬಟ್ಟೆ ತುಂಬಿ, "ಅವನ ವಿಳಾಸ ಬರ್ದುಕೊಡು" ಎನ್ನುತ್ತಿದ್ದಾಳೆ. ಮಾವ ಹಿತ್ತಲ ಬಾಗಿಲಿಂದ ಬಸ್ಸಿಗೆ ಹತ್ತಿಸಿ ಬರುತ್ತಾರೆ. ಹಾಗಾಗಿ ಈ ಪತ್ರ ನಿನ್ನ ಕೈಗೆ ಕೊಟ್ಟವಳು ಅವಳೇ. ಎರಡು ದಿನ ಇದ್ದು ಹೋಗುತ್ತೇನೆ ಎನ್ನುತ್ತಾಳೆ, ನಂಬಬೇಡ, ಅವಳು ಇನ್ನು ಆ ಮನೆಗೆ ಹೋಗುವುದಿಲ್ಲ. ಚೀಲ ಎತ್ತಲು ಹೋಗಿ ಬಿಟ್ಟಳು, ಆಗ ಶಾಲು ಸರಿಸಿ ನೋಡಿದೆ. ಬಲಗೈ ಮಣಿಕಟ್ಟು ಸೊಟ್ಟಗಾಗಿ ಕಪ್ಪಿಟ್ಟಿದೆ, ಇಷ್ಟು ದಿನ ಬಾಯಿ ಬಿಟ್ಟಿಲ್ಲ. ಮೊದಲು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದಾಳು, ಹಾಗೆ ಬರೆಸಲು ಬಿಡಬೇಡ, ನೀನೇ ಒಳಗೆ ಹೋಗಿ ನಿಜ ಹೇಳು. ನಿನಗೆ ಅವಳ ಮೇಲಿರುವ ಕೋಪ ನನಗೆ ಗೊತ್ತು, ಅವಳಿಗೂ ಗೊತ್ತು, ಗೊತ್ತಿದ್ದೇ ಬರುತ್ತಿದ್ದಾಳೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಕೂರಿಸು, ಬಿಸಿಯಾಗಿ ಏನಾದರೂ ಕೊಡು. ಜಗಳ ಆಮೇಲೆ ಆಡು.